ರಸ್ತೆ ಕಡೆಯ 20 ಅಡಿ

ಕಾಂಪ್ಲೆಕ್ಸ್ ಕಟ್ಟಿಸಬೇಕು ಅಂತ ನಮ್ಮ ಆಫೀಸಿಗೆ ಬರುವವರು ಮೊದಲು ಕೇಳುವುದು, "ಎಷ್ಟು ಫ್ಲೋರ್ ಏರಿಸಬಹುದು ಸರ್?" ಅಂತ. ರಸ್ತೆಯ ಅಗಲ, ಸೈಟಿನ ಅಳತೆ, ಯಾವ ವಲಯ ಅನ್ನುವುದನ್ನು ನೋಡಿದರೆ ಅದಕ್ಕೆ ಬೇಗ ಉತ್ತರ ಸಿಗುತ್ತದೆ. ನಾನು ಅವರ ಹತ್ತಿರ ಜಾಸ್ತಿ ಹೊತ್ತು ಮಾತಾಡುವುದು ನೆಲಮಹಡಿಯ ಬಗ್ಗೆ, ಅದರಲ್ಲೂ ರಸ್ತೆ ಕಡೆಯ ಮೊದಲ 20 ಅಡಿಯ ಬಗ್ಗೆ. ನಿಮ್ಮ ಕಟ್ಟಡದಿಂದ ಆ ಬೀದಿ ಬೆಳೆಯುತ್ತದೋ ಸೊರಗುತ್ತದೋ ಅನ್ನುವುದು ಆ 20 ಅಡಿಯಲ್ಲೇ ತೀರ್ಮಾನವಾಗುತ್ತದೆ. ತುಮಕೂರಿನಲ್ಲಿ ಆರ್ಕಿಟೆಕ್ಟ್ ಆಗಿ ಕೆಲಸ ಮಾಡುತ್ತಾ ನನಗೆ ಗಟ್ಟಿಯಾಗಿ ಅನಿಸಿರುವ ವಿಷಯ ಇದು.

ನಮ್ಮ ಊರಿಗೆ ಈಗ ದುಡ್ಡು ಬರುತ್ತಿದೆ. ವಸಂತನರಸಾಪುರದಲ್ಲಿ ಕಾರ್ಖಾನೆಗಳಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತು. ಬೆಂಗಳೂರಿನ ಅಂಚಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ತರುವ ಪ್ರಸ್ತಾವದ ಸುದ್ದಿ ಬಂದಾಗಲೆಲ್ಲ ಸೈಟುಗಳ ರೇಟು ಏರುತ್ತದೆ. ಆದರೆ ಇಲ್ಲಿ ದುಡಿದ ಸಂಬಳ ಎಲ್ಲಿ ಖರ್ಚಾಗುತ್ತದೆ? ಬೆಂಗಳೂರು ಬರೀ 70 ಕಿಲೋಮೀಟರ್. ಬಟ್ಟೆ, ಊಟ, ಮಕ್ಕಳ ಪುಸ್ತಕ, ಕನ್ನಡಕ, ಎಲ್ಲಕ್ಕೂ ವಾರದ ಕೊನೆಗೆ ಜನ ಬಸ್ಸು ಹತ್ತಿದರೆ ನಮ್ಮ ಪೇಟೆಗೆ ಉಳಿಯುವುದು ಟ್ರಾಫಿಕ್ ಮಾತ್ರ. ಇಲ್ಲಿನ ದುಡ್ಡು ಇಲ್ಲೇ ನಾಲ್ಕು ಕೈ ಓಡಾಡಬೇಕು. ಅದಕ್ಕೆ ಅಂಗಡಿ ಬೇಕು, ಅಂಗಡಿಗೆ ಕಟ್ಟಡ ಬೇಕು. ಒಳ್ಳೆಯ ಕಮರ್ಷಿಯಲ್ ಕಟ್ಟಡದಿಂದ ಊರಿಗೆ ಉಪಕಾರ ಆಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಕ್ಯಾತ್ಸಂದ್ರವನ್ನೇ ನೋಡಿ. ತಟ್ಟೆ ಇಡ್ಲಿ ತಿನ್ನಲಿಕ್ಕೆ ಅಂತಲೇ ಜನ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಅಲ್ಲಿ ಇರುವುದು ಒಂದೇ ದೊಡ್ಡ ಹೋಟೆಲ್ ಆಗಿದ್ದರೆ ಆ ಹೆಸರು ಬರುತ್ತಿತ್ತಾ? ಚಿಕ್ಕ ಚಿಕ್ಕ ಹೋಟೆಲುಗಳು ಹತ್ತಿರ ಹತ್ತಿರ ಇರುವುದರಿಂದ ಒಂದರಲ್ಲಿ ರಶ್ ಇದ್ದರೆ ಇನ್ನೊಂದಕ್ಕೆ ಹೋಗುತ್ತಾರೆ. ಅವುಗಳ ಬೆನ್ನಿಗೆ ತೆಂಗಿನಕಾಯಿ ತಂದು ಹಾಕುವವರು, ಹಾಲು ಕೊಡುವವರು, ಹಿಟ್ಟು ರುಬ್ಬುವವರು, ಪಾತ್ರೆ ತೊಳೆಯುವ ಹೆಂಗಸರು ಇದ್ದಾರೆ. ಒಂದು ಜಾಗಕ್ಕೆ ಜೀವ ಬರುವುದು ಹೀಗೆ.

ಇನ್ನು ಆ 20 ಅಡಿಯ ವಿಷಯ. ಅದನ್ನು ಜಾಸ್ತಿ ಹಾಳು ಮಾಡುತ್ತಿರುವುದು ಅರ್ಧ ಸೆಲ್ಲಾರ್. ನಮ್ಮ ಕಡೆ ಅಗೆದರೆ ಬಂಡೆ ಸಿಗುವುದು ಹೊಸದಲ್ಲ. ಪೂರ್ತಿ ಸೆಲ್ಲಾರ್ ಅಗೆಯಲು ಖರ್ಚು ಜಾಸ್ತಿ, ಗಾಳಿ ಬೆಳಕಿಗೂ ಕಷ್ಟ. ಅದಕ್ಕೆ ಅರ್ಧ ನೆಲದೊಳಗೆ, ಅರ್ಧ ಮೇಲೆ ಮಾಡಿ ಪಾರ್ಕಿಂಗ್ ತೋರಿಸುತ್ತಾರೆ. ಆಗ ಅಂಗಡಿಯ ನೆಲ ರಸ್ತೆಗಿಂತ 4 ಅಡಿ ಮೇಲೆ ಹೋಗುತ್ತದೆ. ಅಂಗಡಿಗೆ ಹೋಗಲು ಏಳೆಂಟು ಮೆಟ್ಟಿಲು ಹತ್ತಬೇಕು. ಮೊಣಕಾಲು ನೋವಿನ ಅಜ್ಜಿ ಹತ್ತುವುದಿಲ್ಲ. ಮಗು ಎತ್ತಿಕೊಂಡ ತಾಯಿ ಪಕ್ಕದ ಅಂಗಡಿಗೆ ಹೋಗುತ್ತಾಳೆ. ಬೈಕ್ ಆಫ್ ಮಾಡದೆ ಒಂದು ಪೆನ್ನು ಕೊಳ್ಳುವ ಹುಡುಗನಂತೂ ಆ ಕಡೆ ತಿರುಗಿಯೂ ನೋಡುವುದಿಲ್ಲ. ಗಾಲಿಕುರ್ಚಿಗೆ ರ‍್ಯಾಂಪ್ ಮಾಡೋಣ ಅಂದರೆ ನಿಯಮದ ಪ್ರಕಾರ 1 ಅಡಿ ಏರಲು 12 ಅಡಿ ಉದ್ದ ಬೇಕು. 4 ಅಡಿಗೆ 48 ಅಡಿ! ಎಷ್ಟೋ ಕಡೆ ಸೈಟಿನ ಅಗಲವೇ ಅಷ್ಟಿರುವುದಿಲ್ಲ. ಆಗ ಹೆಸರಿಗೊಂದು ಕಡಿದಾದ ಇಳಿಜಾರು ಮಾಡುತ್ತಾರೆ. ಅದರ ಮೇಲೆ ಯಾರೂ ಗಾಲಿಕುರ್ಚಿ ತಳ್ಳಲು ಆಗುವುದಿಲ್ಲ.

ಅಂಗಡಿಯ ನೆಲ ಫುಟ್‌ಪಾತಿಗಿಂತ 6 ಇಂಚು ಮಾತ್ರ ಮೇಲಿದ್ದರೆ 6 ಅಡಿ ರ‍್ಯಾಂಪ್ ಸಾಕು. ಮಳೆ ನೀರು ಒಳಗೆ ಬರದ ಹಾಗೆ ಮುಂದೆ ಚರಂಡಿ ಸರಿಯಾಗಿ ಮಾಡಿ, ಅದರ ಮೇಲೆ ತೆಗೆದು ಸ್ವಚ್ಛ ಮಾಡಬಹುದಾದ ಚಪ್ಪಡಿ ಹಾಕಿ. ಚರಂಡಿಯನ್ನು ಕಾಂಕ್ರೀಟಿನಿಂದ ಮುಚ್ಚಿಬಿಟ್ಟರೆ ಮೊದಲ ಜೋರು ಮಳೆಗೆ ಆ ನೀರು ನಿಮ್ಮ ಅಂಗಡಿಗೇ ಬರುತ್ತದೆ. ಪಾರ್ಕಿಂಗ್ ಬೇಕೇ ಬೇಕು, ಅದನ್ನು ಅಂಗಡಿಗಳ ಹಿಂದೆ, ನೆಲದ ಮಟ್ಟದಲ್ಲೇ ಕೊಡಿ. ಒಳಗಡೆ ಜಾಗ ಸ್ವಲ್ಪ ಹೋಗುತ್ತದೆ. ಆದರೆ ಬಾಡಿಗೆ ತರುವುದು ರಸ್ತೆ ಕಡೆಯ ಜಾಗ ಅಲ್ವಾ?

ಎರಡನೆಯದು ಶೆಟರುಗಳ ಲೆಕ್ಕ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ನಿಯಮದಂತೆ ಖಾಲಿ ಬಿಡುವ ಜಾಗ) ಬಿಟ್ಟು, ಕಾರು ಹೋಗುವ ದಾರಿ, ಲಿಫ್ಟು, ಮೆಟ್ಟಿಲು ಎಲ್ಲ ಕಳೆದು ರಸ್ತೆಗೆ 40 ಅಡಿ ಅಗಲ ಉಳಿಯಿತು ಅನ್ನೋಣ. ಒಳಕ್ಕೆ 50 ಅಡಿ. ಒಟ್ಟು 2,000 ಚದರ ಅಡಿ. ಮಾಲೀಕರಿಗೆ ಆಸೆ ಏನು? ಒಂದು ದೊಡ್ಡ ಬ್ರ್ಯಾಂಡ್ ಬರಲಿ, ಒಂದೇ ಅಗ್ರಿಮೆಂಟ್, ತಿಂಗಳಿಗೆ ಒಂದೇ ಚೆಕ್. ಚದರ ಅಡಿಗೆ 50 ರೂಪಾಯಿ ಸಿಕ್ಕಿದರೆ 1 ಲಕ್ಷ. ಈಗ ಅದನ್ನೇ ಬೇರೆ ರೀತಿ ಮಾಡಿ. ಮುಂದಿನ 20 ಅಡಿಯಲ್ಲಿ 10 ಅಡಿ ಅಗಲದ 4 ಮಳಿಗೆ. ಒಂದೊಂದಕ್ಕೆ 20 ಸಾವಿರ ಅಂದರೆ 80 ಸಾವಿರ. ಹಿಂದೆ ಉಳಿದ 1,200 ಚದರ ಅಡಿಗೆ ಲಿಫ್ಟಿನ ಕಡೆಯಿಂದ ಬಾಗಿಲು ಕೊಟ್ಟು, ಪ್ರಿಂಟಿಂಗ್‌ನವರಿಗೋ ಟೈಲರಿಂಗ್ ಯೂನಿಟ್‌ಗೋ ಲ್ಯಾಬ್‌ಗೋ ಅಡಿಗೆ 25 ರೂಪಾಯಿಯಂತೆ ಕೊಟ್ಟರೆ 30 ಸಾವಿರ. ಒಟ್ಟು 1 ಲಕ್ಷ 10 ಸಾವಿರ. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ರಸ್ತೆ ಬದಲಾದರೆ ದರವೂ ಬದಲಾಗುತ್ತದೆ. ಆದರೆ ಚಿಕ್ಕ ಮಳಿಗೆಗೆ ಅಡಿ ಲೆಕ್ಕದಲ್ಲಿ ಜಾಸ್ತಿ ಬಾಡಿಗೆ ಸಿಗುವುದು ಸಾಮಾನ್ಯವಾಗಿ ಎಲ್ಲ ಪೇಟೆಯಲ್ಲೂ ನಿಜ.

ಇದಕ್ಕಿಂತ ಮುಖ್ಯವಾದದ್ದು ಖಾಲಿ ಬೀಳುವ ಭಯ. ಬ್ರ್ಯಾಂಡ್‌ನವರು ಲಾಕ್-ಇನ್ ಅವಧಿ (ಬಿಟ್ಟು ಹೋಗುವಂತಿಲ್ಲ ಅಂತ ಅಗ್ರಿಮೆಂಟಿನಲ್ಲಿ ಬರೆದ ಅವಧಿ) ಮುಗಿದ ಮೇಲೆ ನೋಟಿಸ್ ಕೊಟ್ಟು ಹೋದರೆ ಬಾಡಿಗೆ ಪೂರ್ತಿ ನಿಲ್ಲುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. 40 ಅಡಿ ಗಾಜಿಗೆ ಪೇಪರ್ ಅಂಟಿಸಿ "ಬಾಡಿಗೆಗೆ ಇದೆ" ಅಂತ ಬೋರ್ಡ್ ಹಾಕಿದರೆ ಪಕ್ಕದ ಅಂಗಡಿಗಳ ವ್ಯಾಪಾರವೂ ಇಳಿಯುತ್ತದೆ. ಸಂಜೆ ಅಲ್ಲಿ ಕತ್ತಲು, ಆ ಕತ್ತಲಲ್ಲಿ ಹೆಣ್ಣುಮಕ್ಕಳು ನಡೆಯಲು ಹೆದರುತ್ತಾರೆ. ನಾಲ್ಕರಲ್ಲಿ ಒಂದು ಶೆಟರ್ ಮುಚ್ಚಿದರೆ ಇನ್ನೂ ಮೂರರಲ್ಲಿ ದೀಪ ಇರುತ್ತದೆ. ಬ್ರ್ಯಾಂಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಅವರನ್ನು ಮೊದಲ ಮಹಡಿಗೆ ಕಳಿಸಿ. ದೊಡ್ಡ ಬೋರ್ಡ್ ಇರುವವರನ್ನು ಜನ ಲಿಫ್ಟ್ ಹತ್ತಿ ಹುಡುಕಿಕೊಂಡು ಹೋಗುತ್ತಾರೆ, ಹೂವಿನ ಅಂಗಡಿಯನ್ನು ಯಾರೂ ಹಾಗೆ ಹುಡುಕಿಕೊಂಡು ಹೋಗುವುದಿಲ್ಲ.

ಹೂವು ಅಂದಾಗ ಬೀದಿ ವ್ಯಾಪಾರಿಗಳ ಮಾತೂ ಬಂತು. ಹೊಸ ಕಟ್ಟಡ ಎದ್ದ ಕೂಡಲೇ ಮುಂದೆ ಕೂತವರನ್ನು ಎಬ್ಬಿಸಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಹಾಗೆ ಸುಮ್ನೆ ಎಬ್ಬಿಸಲು ಬರುವುದಿಲ್ಲ. ಸ್ಥಳಾಂತರ ಮಾಡಬೇಕಾದರೂ 30 ದಿನದ ನೋಟಿಸ್ ಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಕಾಯ್ದೆ ಒಂದು ಕಡೆ ಇರಲಿ, ಇವರು ನಿಮ್ಮ ಬೀದಿಗೆ ಜನರನ್ನು ಕರೆತರುವವರು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಸರ್ಕಾರದ ದುಡ್ಡಿನಲ್ಲಿ ರಸ್ತೆ, ಫುಟ್‌ಪಾತ್ ಆದವು. ಆ ಫುಟ್‌ಪಾತಿಗೂ ನಿಮ್ಮ ಶೆಟರಿಗೂ ನಡುವಿನ ಜಾಗ ನಿಮ್ಮದು. ಅಲ್ಲಿ ಒಂದು ಮೂಲೆ, ಒಂದು ನಲ್ಲಿ, ಮೇಲೆ ಒಂದು ಸಜ್ಜಾ ಕೊಟ್ಟರೆ ಹೂವು ಮಾರುವ ಅಕ್ಕನಿಗೂ ನೆರಳಾಯಿತು, ಬಸ್ಸಿಗೆ ಕಾಯುವವರಿಗೂ ನೆರಳಾಯಿತು.

ಇನ್ನೊಂದು ವಿಷಯವನ್ನು ನಾನು ಪ್ರತಿ ಪ್ಲ್ಯಾನಿನಲ್ಲೂ ಹಟ ಹಿಡಿದು ಹಾಕಿಸುತ್ತೇನೆ. ನೆಲಮಹಡಿಯಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ. ಬಟ್ಟೆ ಅಂಗಡಿ, ಮೆಡಿಕಲ್ ಸ್ಟೋರ್‌ಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ಕೆಲಸ ಮಾಡುವ ಹೆಣ್ಣುಮಕ್ಕಳು ಬಾಯಾರಿದರೂ ನೀರು ಕುಡಿಯದೆ ದಿನ ದೂಡುತ್ತಾರೆ. ಕಾರಣ ಹೋಗಲು ಜಾಗ ಇಲ್ಲ. ಒಂದು ಶೆಟರಿನ ಬಾಡಿಗೆ ಹೋದರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಮೇಲಿನ ಮಹಡಿಗಳಿಗೆ ನಮ್ಮಲ್ಲಿ ಗಿರಾಕಿ ಇದ್ದಾರೆ. ತುಮಕೂರು ಓದುವ ಮಕ್ಕಳ ಊರು. ಕೋಚಿಂಗ್, ಕ್ಲಿನಿಕ್, ಆಡಿಟರ್ ಆಫೀಸು ಬರುತ್ತವೆ. ವಲಯ ನಿಯಮದಲ್ಲಿ ಅವಕಾಶ ಇದ್ದರೆ ಕೊನೆಯ ಮಹಡಿಯಲ್ಲಿ ಮನೆ ಮಾಡಿ. ಕೆಳಗೆ ಅಂಗಡಿ, ಮೇಲೆ ಮನೆ ಅನ್ನುವುದು ನಮ್ಮ ಹಳೇ ಪೇಟೆಗಳ ಕ್ರಮ. ಶೆಟರ್ ಎಳೆದ ಮೇಲೂ ಮೇಲೆ ಯಾರೋ ಎಚ್ಚರ ಇರುತ್ತಾರೆ. ಇನ್ನು ಹೆದ್ದಾರಿ ಪಕ್ಕದ ಜಮೀನಿನವರಿಗೆ ಒಂದೇ ಮಾತು. ಭೂ ಪರಿವರ್ತನೆ ಮತ್ತು ಹೆದ್ದಾರಿಯಿಂದ ಒಳಗೆ ಬರುವ ದಾರಿಯ ಅನುಮತಿ, ಇವೆರಡೂ ಕೈಗೆ ಬರುವ ಮೊದಲು ಡೆವಲಪರ್ ಜೊತೆ ಯಾವುದಕ್ಕೂ ಸಹಿ ಹಾಕಬೇಡಿ.

ಇಷ್ಟೆಲ್ಲ ಮಾಡಿ ಕಟ್ಟಿದ ಮಳಿಗೆಗೆ ನಮ್ಮೂರ ಹುಡುಗನೇ ಬರಲು ಆಗದಿದ್ದರೆ? ಇಲ್ಲಿ ಅಡ್ಡ ಬರುವುದು ಅಡ್ವಾನ್ಸ್. 10 ತಿಂಗಳ ಅಡ್ವಾನ್ಸ್ ಅಂದರೆ 20 ಸಾವಿರದ ಮಳಿಗೆಗೆ 2 ಲಕ್ಷ. ಅದು ಮಾಲೀಕರ ಹತ್ತಿರ ಸುಮ್ನೆ ಇರುತ್ತದೆ. ಅಷ್ಟೇ ದುಡ್ಡು ಅವನ ಕೈಯಲ್ಲಿದ್ದರೆ ಅಂಗಡಿ ತುಂಬ ಸರಕು ಬರುತ್ತದೆ. 3 ತಿಂಗಳ ಅಡ್ವಾನ್ಸ್ ತೆಗೆದುಕೊಳ್ಳಿ. ಅದರ ಬದಲು ವರ್ಷಕ್ಕೆ ಶೇ 5 ಏರಿಕೆ ಬರೆಸಿ. 11 ತಿಂಗಳ ಅಗ್ರಿಮೆಂಟ್ ಬೇಡ. ರಿಜಿಸ್ಟ್ರೇಷನ್ ತಪ್ಪಿಸಲು ಎಲ್ಲರೂ ಅದನ್ನೇ ಮಾಡುತ್ತಾರೆ, ಆದರೆ 11 ತಿಂಗಳಿಗೆ ಯಾರು ರ‍್ಯಾಕ್, ಲೈಟು, ಬೋರ್ಡಿಗೆ ದುಡ್ಡು ಹಾಕುತ್ತಾರೆ? 3 ಅಥವಾ 5 ವರ್ಷಕ್ಕೆ ರಿಜಿಸ್ಟರ್ ಮಾಡಿಸಿ. ಅದು ಬ್ಯಾಂಕಿನಲ್ಲಿ ಸಾಲ ಕೇಳಲು ಅವನಿಗೂ ನೆರವಾಗುತ್ತದೆ. ನಿಮ್ಮ ಬಾಡಿಗೆ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ಶೇ 18 ಜಿಎಸ್‌ಟಿ ಸೇರುತ್ತದೆ. 20 ಸಾವಿರಕ್ಕೆ 3,600 ಹೆಚ್ಚುವರಿ. ಕಾಂಪೋಸಿಷನ್‌ನಲ್ಲಿರುವ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ, ಚಿಕ್ಕ ವ್ಯಾಪಾರಿಗೆ ಅದರ ಕ್ರೆಡಿಟ್ ಸಿಗುವುದಿಲ್ಲ, ಆ ದುಡ್ಡನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಇದನ್ನು ಬಾಡಿಗೆ ಮಾತಾಡುವ ದಿನವೇ ಹೇಳಿಬಿಡಿ.

ಹಳೇ ಮಳಿಗೆ ಒಡೆದು ಕಟ್ಟುವ ಜಾಗದಲ್ಲಂತೂ ನಮ್ಮೂರ ವ್ಯಾಪಾರಿಗೆ ಜಾಗ ತಪ್ಪುವ ಬಿಸಿ ಇನ್ನೂ ಜಾಸ್ತಿ. ಚಿಕ್ಕಪೇಟೆ, ಮಂಡಿಪೇಟೆಯಂಥ ಕಡೆ ಮಾಲೀಕರು ಒಂದು ತಲೆಮಾರು, ಬಾಡಿಗೆದಾರರು ಒಂದು ತಲೆಮಾರು ಕಳೆದಿರುತ್ತಾರೆ. ಕಟ್ಟಡ ಸೋರುತ್ತದೆ, ವೈರಿಂಗ್ ಅಪಾಯ, ಒಡೆಯಲೇಬೇಕು. "ಕಟ್ಟಿ ಮುಗಿದ ಮೇಲೆ ಬಾ ಅಂದಿದ್ದಾರೆ ಅಣ್ಣ, ಬಾಡಿಗೆ ಎಷ್ಟು ಅಂತ ಮಾತ್ರ ಹೇಳಿಲ್ಲ" ಅಂತ ಒಬ್ಬ ಟೈಲರ್ ನನ್ನ ಹತ್ತಿರ ಹೇಳಿದ್ದರು. ಕಟ್ಟುವ ಒಂದೂವರೆ ಎರಡು ವರ್ಷದಲ್ಲಿ ಅಂಥವರ ಗಿರಾಕಿಗಳು ಬೇರೆ ಕಡೆ ಹೋಗಿಬಿಡುತ್ತಾರೆ. ಆಮೇಲೆ ಹೊಸ ಕಟ್ಟಡ ಎಷ್ಟು ಚೆನ್ನಾಗಿದ್ದರೂ ಆ ಬೀದಿಗೆ ಬರುತ್ತಿದ್ದ ಜನ ಬರುವುದಿಲ್ಲ. ಯಾರನ್ನು ನಂಬಿ ಬರುತ್ತಿದ್ದರೋ ಅವರೇ ಅಲ್ಲಿಲ್ಲ.

ಅದಕ್ಕೆ ಸಾಧ್ಯವಾದ ಕಡೆ ಅರ್ಧರ್ಧ ಕಟ್ಟಿಸುತ್ತೇನೆ. ಒಂದು ಭಾಗ ಒಡೆದಾಗ ಇನ್ನೊಂದು ಭಾಗದಲ್ಲಿ ವ್ಯಾಪಾರ ನಡೆಯಲಿ, ಅದು ಮುಗಿದ ಮೇಲೆ ಅದಲು ಬದಲು. ಸೆಂಟ್ರಿಂಗ್, ಪಿಲ್ಲರ್ ಜಾಗ, ಕರೆಂಟ್ ಲೈನ್ ಎಲ್ಲವನ್ನೂ ಎರಡು ಸಲ ಯೋಚಿಸಬೇಕು, ಖರ್ಚೂ ಸ್ವಲ್ಪ ಏರುತ್ತದೆ. ಆದರೆ ಬಾಡಿಗೆ ಒಂದು ತಿಂಗಳೂ ಪೂರ್ತಿ ನಿಲ್ಲುವುದಿಲ್ಲ. ಜಾಗ ಚಿಕ್ಕದಾಗಿ ಅದು ಆಗದಿದ್ದರೆ ಮಾಲೀಕರು ಪ್ರತಿ ಬಾಡಿಗೆದಾರರಿಗೂ ಒಂದು ಪತ್ರ ಬರೆದು ಸಹಿ ಹಾಕಿ ಕೊಡಬೇಕು. ಹೊಸ ಕಟ್ಟಡದಲ್ಲಿ ನಿಮಗೆ ಯಾವ ಮಳಿಗೆ, ಎಷ್ಟು ಅಳತೆ, ಮೊದಲ 3 ವರ್ಷ ಎಷ್ಟು ಬಾಡಿಗೆ, ಯಾವ ತಿಂಗಳೊಳಗೆ ಬೀಗದ ಕೈ, ಇಷ್ಟೂ ಅದರಲ್ಲಿ ಇರಬೇಕು. ಆ ಪತ್ರಗಳ ಪ್ರತಿ ಕೈಗೆ ಬರುವವರೆಗೆ ನಮ್ಮ ಆಫೀಸಿನಲ್ಲಿ ಹೊಸ ಕಟ್ಟಡದ ಡ್ರಾಯಿಂಗ್ ಶುರು ಮಾಡುವುದಿಲ್ಲ.