ಶುದ್ಧ ಅಲ್ಯೂಮಿನಿಯಂನಲ್ಲಿ ವಿಮಾನ ಹಾರದು

ಮೆಣಸು ಕೊಯ್ಲಿಗೆ ನಮ್ಮ ತೋಟಗಳಲ್ಲಿ ಈಗ ಅಲ್ಯೂಮಿನಿಯಂ ಏಣಿ. ಅದನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸುತ್ತಾ (ಕರೆಂಟ್ ತಂತಿ ಕಂಡರೆ ದೂರವಿರಿ, ದಯವಿಟ್ಟು) ಕೆಲಸದ ಹುಡುಗ ಕೇಳಿದ: “ಅಣ್ಣ, ಇದು ಕಲಬೆರಕೆ ಅಲ್ವಾ? ವಿಮಾನಕ್ಕೆ ಶುದ್ಧದ್ದೇ ಹಾಕ್ತಾರೆ?”

‘ಶುದ್ಧ’ ಎಂದರೆ ಸಾಕು, ನಮಗೆ ಭಕ್ತಿ ಉಕ್ಕುತ್ತದೆ. ಅಪರಂಜಿಯಲ್ಲೇ ಪತ್ತಾಕ್ (ನಮ್ಮ ಕೊಡವರ ಚಿನ್ನದ ಪದಕ) ಮಾಡಿಸಿ ನೋಡಿ, ಬೆರಳಲ್ಲೇ ಬಾಗುತ್ತದೆ. ಅಲ್ಯೂಮಿನಿಯಂ ಕೂಡ ಹಾಗೆಯೇ. ದೊಡ್ಡ ಜಮಖಾನವನ್ನು ಇಡಿಯಾಗಿ ಎಳೆದರೆ ಜಗ್ಗದು. ಒಂದು ತುದಿಯಲ್ಲಿ ಸುಕ್ಕು ಮಾಡಿ ತಳ್ಳಿದರೆ ಸುಕ್ಕು ಓಡುತ್ತದೆ, ಜಮಖಾನವೂ ಸರಿಯುತ್ತದೆ. ಲೋಹದ ಪರಮಾಣು ಪದರಗಳಲ್ಲೂ ಅಂಥ ಸುಕ್ಕುಗಳಿವೆ. ಅವು ಓಡಿದರೆ ಲೋಹ ಬಾಗಿತು. ಜಮಖಾನದ ಅಡಿಯಲ್ಲಿ ಅಲ್ಲಲ್ಲಿ ಕಲ್ಲಿಟ್ಟರೆ ಸುಕ್ಕು ಸಿಕ್ಕಿಕೊಳ್ಳುತ್ತದೆ. ಆ ಕಲ್ಲುಗಳೇ ಬೆರಕೆ.

1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್, ಸುಮಾರು ಶೇ. 4 ತಾಮ್ರ, ಚೂರು ಮೆಗ್ನೀಷಿಯಂ ಬೆರೆಸಿದ ಅಲ್ಯೂಮಿನಿಯಂ ಕಾಯಿಸಿ ನೀರಿಗೆ ಅದ್ದಿದ. ಉಕ್ಕಿನ ಹಾಗೆ ತಕ್ಷಣ ಗಡುಸಾಗಲಿಲ್ಲ. ಕೆಲವು ದಿನ ಬಿಟ್ಟು ಅಳೆದರೆ, ಯಾರೂ ಮುಟ್ಟದೆಯೇ ಗಟ್ಟಿಯಾಗಿತ್ತು! ಡ್ಯುರಾಲುಮಿನ್ ಹುಟ್ಟಿದ್ದು ಹೀಗೆ. ಒಳಗೇನಾಗಿದೆಯೆಂದು ಎಕ್ಸ್‌-ಕಿರಣಗಳಿಂದ ಕಂಡವರು ಫ್ರಾನ್ಸಿನ ಗಿನಿಯೆ, ಬ್ರಿಟನ್ನಿನ ಪ್ರೆಸ್ಟನ್; ಬೇರೆ ಬೇರೆಯಾಗಿ, ಅದೂ 1938ರಲ್ಲಿ. ಅಷ್ಟರಲ್ಲಿ ಆ ಲೋಹದ ವಿಮಾನಗಳು ಹಾರಿ ಎಷ್ಟೋ ವರ್ಷವಾಗಿತ್ತು.

ಬಿಸಿ ನೀರಲ್ಲಿ ಬೆಲ್ಲ ಹೆಚ್ಚು ಕರಗುವಂತೆ, ಸುಮಾರು 500 ಡಿಗ್ರಿಯಲ್ಲಿ ತಾಮ್ರ ಅಲ್ಯೂಮಿನಿಯಂನೊಳಗೆ ಕರಗುತ್ತದೆ. ಥಟ್ಟನೆ ತಣಿಸಿದರೆ ಬೇರ್ಪಡಲು ಪುರುಸೊತ್ತಿಲ್ಲ. ಆಮೇಲೆ ಮೆಲ್ಲಗೆ, ಮದುವೆ ಮನೆಯಲ್ಲಿ ಒಂದೇ ಒಕ್ಕದವರು (ಮನೆತನದವರು) ತಮ್ಮವರನ್ನು ಹುಡುಕಿ ಸೇರುವ ಹಾಗೆ, ತಾಮ್ರದ ಪರಮಾಣುಗಳು ಪುಟ್ಟ ಪುಟ್ಟ ಗುಂಪು ಕಟ್ಟುತ್ತವೆ. ಸುಕ್ಕನ್ನು ತಡೆಯುವ ಕಲ್ಲುಗಳು ಇವೇ. ಆದರೆ ಗುಂಪುಗಳು ಬೆಳೆದು ದೊಡ್ಡವಾಗಿ ಸಂಖ್ಯೆಯಲ್ಲಿ ಕಡಿಮೆಯಾದರೆ ನಡುವೆ ದಾರಿ ಬಿಡುತ್ತವೆ, ಸುಕ್ಕು ನುಸುಳುತ್ತದೆ.

ನಂತರದ ಸುಧಾರಣೆ ಬಹುಪಾಲು ಈ ಗುಂಪುಗಳ ಗಾತ್ರದ ಚೌಕಾಸಿ. ಸತು ಬೆರೆಸಿದ, 7075 ಎಂಬ ಸಂಖ್ಯೆಯ ಅಲ್ಯೂಮಿನಿಯಂ ಬಲು ಗಟ್ಟಿ, ಆದರೆ ಸೆಳೆತದಲ್ಲಿದ್ದಾಗ ತುಕ್ಕು ತಗುಲಿ ಸೀಳುವ ಭಯ. ಹಾಗಾಗಿ ಬೇಕೆಂದೇ ಅತಿಯಾಗಿ ಹದಗೊಳಿಸಿ, ಅಂದರೆ ಗುಂಪುಗಳನ್ನು ಹೆಚ್ಚು ಬೆಳೆಯಲು ಬಿಟ್ಟು, ಶೇ. 10–15ರಷ್ಟು ಬಲ ಬಿಟ್ಟುಕೊಡುತ್ತಾರೆ. ಲಿಥಿಯಂ ಇನ್ನೂ ಮೋಜಿನದು: ತೂಕದಲ್ಲಿ ಶೇ. 1 ಸೇರಿಸಿದರೆ ಲೋಹ ಸುಮಾರು ಶೇ. 3 ಹಗುರ, ಶೇ. 6 ಬಿಗಿ.

ತಾಮ್ರಕ್ಕೊಂದು ಕೆಟ್ಟ ಗುಣವಿದೆ, ಅದು ತುಕ್ಕನ್ನು ಕರೆಯುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿಟ್ಟ ಅಲ್ಯೂಮಿನಿಯಂ ಡಬ್ಬಿಯ ತಳ ಕಪ್ಪಗೆ ಕೊರೆದುಹೋದದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ತಾಮ್ರ ಬೆರೆತ ಲೋಹಕ್ಕೂ ಅಂಥ ಕೊರೆತದ ಭಯ. ಅದಕ್ಕೇ ವಿಮಾನದ ಹಾಳೆಗಳ ಎರಡೂ ಬದಿಗೆ ತೆಳ್ಳನೆಯ ಹೊದಿಕೆ ಅಂಟಿಸುತ್ತಾರೆ. ತಾನು ಸವೆದು ಒಳಗಿನದನ್ನು ಉಳಿಸುವುದು ಅದರ ಕೆಲಸ. ಹುಡುಗನಿಗೆ ಹೇಳಿದೆ, ನೀನು ಕೇಳಿದ ಶುದ್ಧ ಅಲ್ಯೂಮಿನಿಯಂ ಇರುವುದು ಅಲ್ಲೇ, ಚರ್ಮದಲ್ಲಿ.