ಬ್ಯಾಂಡ್ ಯಾರದು? ಟೆಕ್ಸಸ್‌ನ ಒಂದು ಹಾಡು ಎಬ್ಬಿಸಿದ ಪ್ರಶ್ನೆ

2020ರ ಅಕ್ಟೋಬರ್ 24. ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಬೇಲರ್ ವಿಶ್ವವಿದ್ಯಾಲಯದ ವಿರುದ್ಧ ಫುಟ್‌ಬಾಲ್ ಪಂದ್ಯ. ಪ್ರತಿ ಪಂದ್ಯ ಮುಗಿದ ಮೇಲೂ, ಗೆದ್ದರೂ ಸೋತರೂ, ಅಲ್ಲಿ ‘ದಿ ಐಸ್ ಆಫ್ ಟೆಕ್ಸಸ್’ ಎಂಬ ಹಾಡು ಕೇಳಿಸಬೇಕು. ಆಟಗಾರರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳೆಲ್ಲ ಎದ್ದು ನಿಂತು ತೋರುಬೆರಳು ಮತ್ತು ಕಿರುಬೆರಳನ್ನು ಕೊಂಬಿನಂತೆ ಎತ್ತಿ ಹಾಡಬೇಕು. ಆ ದಿನ ಧ್ವನಿವರ್ಧಕದಲ್ಲಿ ರೆಕಾರ್ಡಿಂಗ್ ಹಾಕಿದರು. ಕೋವಿಡ್ ಕಾಲವಾದ್ದರಿಂದ ಆ ಋತುವಿನಲ್ಲಿ ಬ್ಯಾಂಡ್ ಎಂದಿನಂತೆ ಮೈದಾನಕ್ಕೆ ಬರುತ್ತಿರಲಿಲ್ಲ, ನಿಜ. ಆದರೆ ಅದೇ ವಾರ ಬ್ಯಾಂಡ್ ನಿರ್ದೇಶಕರು ತಮ್ಮ ಸದಸ್ಯರಿಗೆ ಒಂದು ಮಾತು ತಿಳಿಸಿದ್ದರು: ಹಾಡನ್ನು ನುಡಿಸಲು ನೀವು ಸಿದ್ಧರಿದ್ದೀರಾ ಎಂದು ಕೇಳಿ ಪಡೆದ ಉತ್ತರಗಳನ್ನು ನೋಡಿದರೆ, ಒಪ್ಪಿದವರ ವಾದ್ಯಗಳಿಂದ ಮೇಳ ಕೂಡುವುದಿಲ್ಲ.

ನೂರಿಪ್ಪತ್ತು ವರ್ಷದ ಬ್ಯಾಂಡೊಂದು ತನ್ನದೇ ವಿಶ್ವವಿದ್ಯಾಲಯದ ಹಾಡನ್ನು ನುಡಿಸಲಾರದ ಸ್ಥಿತಿಗೆ ಬಂದದ್ದು ಹೇಗೆ? ಹಾಡಿನ ಚರಿತ್ರೆ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಉಳಿದರ್ಧ, ಬ್ಯಾಂಡ್ ಎಂಬ ಸಂಸ್ಥೆ ನಿಂತಿರುವ ಜಾಗದಲ್ಲಿದೆ. ಆ ಉಳಿದರ್ಧವನ್ನು ಕುರಿತು ಆಗ ಬರೆದವರು ಕಡಿಮೆ.

ಅಮೆರಿಕದ ಕಾಲೇಜು ಬ್ಯಾಂಡಿನ ಬೇರು ಸೈನ್ಯದಲ್ಲಿದೆ. 1862ರ ಮೊರಿಲ್ ಕಾಯ್ದೆಯ ಪ್ರಕಾರ ಸರ್ಕಾರಿ ಜಮೀನಿನ ನೆರವು ಪಡೆದು ಹುಟ್ಟಿದ ಕಾಲೇಜುಗಳು ಕೃಷಿ, ಎಂಜಿನಿಯರಿಂಗ್ ಜೊತೆಗೆ ಸೈನಿಕ ಶಿಕ್ಷಣವನ್ನೂ ಕೊಡಬೇಕಿತ್ತು. ಕವಾಯತು ಇದ್ದಲ್ಲಿ ಬ್ಯಾಂಡ್ ಬೇಕು. ನಮ್ಮ ಎನ್‌ಸಿಸಿ ಪರೇಡ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೆಕ್ಸಸ್ ವಿಶ್ವವಿದ್ಯಾಲಯದ ಸಾಂಪ್ರದಾಯಿಕ ಎದುರಾಳಿ ಟೆಕ್ಸಸ್ ಎ ಅಂಡ್ ಎಂ ಇಂತಹ ಕಾಲೇಜು. ಅದರ ಬ್ಯಾಂಡ್ ಇಂದಿಗೂ ಸೈನಿಕ ಶಿಸ್ತಿನಲ್ಲೇ ನಡೆಯುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫುಟ್‌ಬಾಲ್, ಅಂದರೆ ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅವರ ಫುಟ್‌ಬಾಲ್, ಕ್ಯಾಂಪಸ್ಸಿನ ದೊಡ್ಡ ಹಬ್ಬವಾಯಿತು. ಪರೇಡ್ ಮೈದಾನದ ಬ್ಯಾಂಡ್ ಆಟದ ಮೈದಾನಕ್ಕೆ ಇಳಿಯಿತು. 1907ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡ್ ಸಾಲು ಮುರಿದು ಮೈದಾನದಲ್ಲಿ ‘ಪಿ’ ಅಕ್ಷರವಾಗಿ ನಿಂತಿತು. ಮೊದಲ ಹಾಫ್‌ಟೈಮ್ ಪ್ರದರ್ಶನ ಕೊಟ್ಟದ್ದು ಅದೇ ವರ್ಷ ತಾನೇ ಎಂದು ಇಲಿನಾಯ್ ವಿಶ್ವವಿದ್ಯಾಲಯ ಹೇಳಿಕೊಳ್ಳುತ್ತದೆ. 1936ರಲ್ಲಿ ಒಹಾಯೊ ಸ್ಟೇಟ್ ಬ್ಯಾಂಡ್ ಕೂಡುಬರಹದಲ್ಲಿ ತನ್ನ ರಾಜ್ಯದ ಹೆಸರು ಬರೆಯುತ್ತಾ ನಡೆದದ್ದು ಅಲ್ಲಿಯವರಿಗೆ ಇವತ್ತಿಗೂ ಪವಿತ್ರ ವಿಧಿ.

ಟೆಕ್ಸಸ್‌ನ ಬ್ಯಾಂಡ್ ಹುಟ್ಟಿದ ರೀತಿ ಇದಕ್ಕಿಂತ ಸರಳ. 1900ರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಯುಜೀನ್ ಶಾಕ್ ಎಂಬ ಅಧ್ಯಾಪಕರು ಗಿರವಿ ಅಂಗಡಿಯಿಂದ 150 ಡಾಲರಿನ ವಾದ್ಯಗಳನ್ನು ಕೊಂಡು ಹದಿನಾರು ಜನರ ತಂಡ ಕಟ್ಟಿದರು. ಮುಂದೆ ಅದು ಕಿತ್ತಳೆ-ಬಿಳಿ ಸಮವಸ್ತ್ರ, ಕೌಬಾಯ್ ಟೋಪಿ ತೊಟ್ಟ, ಮುನ್ನೂರಕ್ಕೂ ಹೆಚ್ಚು ಜನರ ಲಾಂಗ್‌ಹಾರ್ನ್ ಬ್ಯಾಂಡ್ ಆಗಿ ಬೆಳೆಯಿತು.

ಈ ಬ್ಯಾಂಡಿನ ದೊಡ್ಡ ನಗಾರಿಯ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ‘ಬಿಗ್ ಬರ್ತಾ’ ಎಂದು ಅದರ ಹೆಸರು. ಎಂಟು ಅಡಿ ವ್ಯಾಸ, ಎಳೆದೊಯ್ಯಲು ಚಕ್ರದ ಗಾಡಿ. 1922ರಲ್ಲಿ ಕಾನ್ ಕಂಪನಿ ಅದನ್ನು ಮಾಡಿಕೊಟ್ಟದ್ದು ಷಿಕಾಗೊ ವಿಶ್ವವಿದ್ಯಾಲಯಕ್ಕೆ. 1939ರಲ್ಲಿ ಷಿಕಾಗೊ ಫುಟ್‌ಬಾಲನ್ನೇ ಕೈಬಿಟ್ಟಿತು, ನಗಾರಿ ಸ್ಟ್ಯಾಗ್ ಫೀಲ್ಡ್ ಮೈದಾನದ ಗ್ಯಾಲರಿಯ ಅಡಿಗೆ ಸೇರಿತು. ಅದೇ ಗ್ಯಾಲರಿಯ ಅಡಿಯಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಜಗತ್ತಿನ ಮೊದಲ ಪರಮಾಣು ರಿಯಾಕ್ಟರನ್ನು ಚಾಲೂ ಮಾಡಿತು! ಮುಂದೆ ನೋಡಿದರೆ ನಗಾರಿಗೂ ವಿಕಿರಣ ತಾಗಿತ್ತು. 1955ರಲ್ಲಿ ಹೆರಾಲ್ಡ್ ಬರ್ಡ್ ಎಂಬ ಟೆಕ್ಸಸ್‌ನ ಎಣ್ಣೆ ಉದ್ಯಮಿ ಅದನ್ನು ಒಂದು ಡಾಲರಿಗೆ ಕೊಂಡು ಬ್ಯಾಂಡಿಗೆ ಕೊಟ್ಟರು. ವಿಕಿರಣ ತೊಳೆದು ತೆಗೆದ ಮೇಲೆ ಅರವತ್ತಕ್ಕೂ ಹೆಚ್ಚು ವರ್ಷ ಅದು ಬಾರಿಸಿಕೊಂಡಿತು. ಒಂದು ಕಡೆ ಆಟ ನಿಂತದ್ದೇ ಬ್ಯಾಂಡಿನ ಸಾಮಾನು ಮೂಲೆಗೆ ಬಿತ್ತು. ಇನ್ನೊಂದು ಕಡೆ ಆಟ ಜೋರಾಗಿದ್ದುದರಿಂದ ಹಣವಂತರು ಹುಡುಕಿಕೊಂಡು ಬಂದರು.

ಇನ್ನು ಹಾಡಿಗೆ ಬರೋಣ. 1899ರಿಂದ 1905ರವರೆಗೆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ಪ್ರಾಥರ್ ಅವರಿಗೆ ಭಾಷಣದ ಕೊನೆಯಲ್ಲಿ ಒಂದು ಮಾತನ್ನು ಪದೇ ಪದೇ ಹೇಳುವ ರೂಢಿಯಿತ್ತು: ಟೆಕ್ಸಸ್‌ನ ಕಣ್ಣು ನಿಮ್ಮ ಮೇಲಿದೆ. ಅಂದರೆ ನಾಡು ನಿಮ್ಮನ್ನು ಗಮನಿಸುತ್ತಿದೆ, ನೆಟ್ಟಗಿರಿ. ವಿದ್ಯಾರ್ಥಿಗಳು ಇದನ್ನು ಲೇವಡಿ ಮಾಡದೆ ಬಿಡುತ್ತಾರೆಯೇ? ಬ್ಯಾಂಡಿನಲ್ಲಿದ್ದ ಲೂಯಿಸ್ ಜಾನ್ಸನ್‌ಗೆ ವಿಶ್ವವಿದ್ಯಾಲಯಕ್ಕೆ ತನ್ನದೇ ಹಾಡೊಂದು ಇಲ್ಲವಲ್ಲ ಎಂಬ ಕೊರಗು. ಪದ್ಯ ಬರೆಯುತ್ತಿದ್ದ ಗೆಳೆಯ ಜಾನ್ ಸಿಂಕ್ಲೇರ್‌ನ ಬೆನ್ನು ಹತ್ತಿದ. ಸಿಂಕ್ಲೇರ್ ಲಾಂಡ್ರಿಯ ಕಂದು ಕಾಗದದ ಮೇಲೆ ಸಾಲುಗಳನ್ನು ಗೀಚಿಕೊಟ್ಟ. ಧಾಟಿ ಹೊಸದಲ್ಲ, ರೈಲು ಹಳಿ ಕೆಲಸದವರ ಬಗ್ಗೆ ಆಗ ಎಲ್ಲರ ಬಾಯಲ್ಲಿದ್ದ ಹಾಡಿನದು.

1903ರ ಮೇ 12ರಂದು ಆಸ್ಟಿನ್‌ನ ಹ್ಯಾನ್‌ಕಾಕ್ ಒಪೆರಾ ಹೌಸ್‌ನಲ್ಲಿ ಅದನ್ನು ಮೊದಲ ಬಾರಿ ಹಾಡಿದರು. ಅಧ್ಯಕ್ಷ ಪ್ರಾಥರ್ ಸಭೆಯಲ್ಲೇ ಇದ್ದರು. ಕಾರ್ಯಕ್ರಮದ ಉದ್ದೇಶ, ವಿಶ್ವವಿದ್ಯಾಲಯದ ಓಟಗಾರರ ತಂಡವನ್ನು ಪಂದ್ಯಕ್ಕೆ ಕಳಿಸಲು ಹಣ ಕೂಡಿಸುವುದು. ಅಂದರೆ ಹಾಡು ಹುಟ್ಟಿದ್ದೇ ಕ್ರೀಡಾ ಚಂದಾ ಎತ್ತುವ ವೇದಿಕೆಯಲ್ಲಿ. ಆದರೆ ಆ ವೇದಿಕೆ ಯಾವುದು? ಮಿನ್‌ಸ್ಟ್ರೆಲ್ ಷೋ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಮಾತು, ನಡೆ, ಹಾಡುಗಳನ್ನು ಗೇಲಿ ಮಾಡಿ ನಗಿಸುವ, ಆ ಕಾಲದಲ್ಲಿ ಭಾರೀ ಜನಪ್ರಿಯವಾಗಿದ್ದ ಆಟ. ಹಾಡಿನ ಸಾಲುಗಳಲ್ಲಿ ಜನಾಂಗದ ಪ್ರಸ್ತಾಪವೇ ಇಲ್ಲ. ಅದು ಮೊದಲು ಹೊರಟ ಬಾಯಿಗಳಿಗೆ ಮಾತ್ರ ಬಹುಶಃ ಮಸಿ ಬಳಿದಿತ್ತು.

ಆಗ ಈ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಇರಲಿಲ್ಲ. ಕಾನೂನು ಕಾಲೇಜಿನ ಬಾಗಿಲು ತೆರೆಯಲು ಹೆಮನ್ ಸ್ವೆಟ್ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ತೀರ್ಪು ಬಂದದ್ದು 1950ರಲ್ಲಿ. ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳು ಬಂದದ್ದು 1956ರಲ್ಲಿ. ಫುಟ್‌ಬಾಲ್ ಮೈದಾನ ಇನ್ನೂ ತಡ. 1969ರಲ್ಲಿ ದೇಶದ ಚಾಂಪಿಯನ್ ಆದ ಟೆಕ್ಸಸ್ ತಂಡದಲ್ಲಿ ಆಡಿದವರೆಲ್ಲ ಬಿಳಿಯರು. ಮರುವರ್ಷ ಜೂಲಿಯಸ್ ವಿಟಿಯರ್ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರರಾದರು. ಐವತ್ತು ವರ್ಷ ಕಳೆದು 2020 ಬರುವಷ್ಟರಲ್ಲಿ ತಂಡ ಗೆಲ್ಲುವುದೇ ಕಪ್ಪು ಆಟಗಾರರ ಬಲದಿಂದ ಎಂಬಂತಾಗಿತ್ತು.

ಆ ವರ್ಷದ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕೊಲೆ ಪೊಲೀಸನೊಬ್ಬನ ಕೈಯಲ್ಲಿ ಆಯಿತು, ದೇಶವಿಡೀ ಪ್ರತಿಭಟನೆ ಎದ್ದಿತು. ಜೂನ್ 12ರಂದು ಟೆಕ್ಸಸ್‌ನ ಆಟಗಾರರು ಬೇಡಿಕೆಗಳ ಪಟ್ಟಿಯೊಂದನ್ನು ಹೊರಗಿಟ್ಟರು. ಕೆಲವು ಕಟ್ಟಡಗಳ ಹೆಸರು ಬದಲಾಗಬೇಕು, ವಿಟಿಯರ್ ಪ್ರತಿಮೆ ಬೇಕು, ಕ್ರೀಡಾ ಆದಾಯದ ಒಂದು ಪಾಲು ಕಪ್ಪು ಜನರ ಸಂಸ್ಥೆಗಳಿಗೆ ಹೋಗಬೇಕು. ಜೊತೆಗೆ ಈ ಹಾಡು ಹೋಗಿ ಬೇರೆ ಹಾಡು ಬರಬೇಕು. ಜುಲೈನಲ್ಲಿ ಹಂಗಾಮಿ ಅಧ್ಯಕ್ಷ ಜೇ ಹಾರ್ಟ್ಜೆಲ್ ಉತ್ತರ ಕೊಟ್ಟರು. ಜನಾಂಗದ್ವೇಷಿಯೆಂದು ಹೆಸರಾಗಿದ್ದ ಗಣಿತದ ಪ್ರಾಧ್ಯಾಪಕ ಆರ್. ಎಲ್. ಮೂರ್ ಹೆಸರು ಕಟ್ಟಡದಿಂದ ಹೋಯಿತು. ಮೈದಾನಕ್ಕೆ ಅರ್ಲ್ ಕ್ಯಾಂಬೆಲ್, ರಿಕಿ ವಿಲಿಯಮ್ಸ್ ಎಂಬ ಇಬ್ಬರು ಕಪ್ಪು ತಾರೆಯರ ಹೆಸರು ಬಂತು. ವಿಟಿಯರ್ ಪ್ರತಿಮೆಗೆ ಒಪ್ಪಿಗೆ ಸಿಕ್ಕಿತು. ಹಾಡು ಮಾತ್ರ ಇರುತ್ತದೆ ಎಂದರು. ಕಲ್ಲು, ಕಂಚು, ನಾಮಫಲಕಗಳ ವಿಷಯದಲ್ಲಿ ಇಷ್ಟು ಸಲೀಸಾಗಿ ಬಾಗಿದ ಆಡಳಿತ ಎರಡು ನಿಮಿಷವೂ ಇಲ್ಲದ ಹಾಡಿನ ವಿಷಯದಲ್ಲಿ ಬಿಗಿಯಾದದ್ದು ಮೊದಲ ನೋಟಕ್ಕೆ ವಿಚಿತ್ರ ಅನ್ನಿಸುತ್ತದೆ. ಆದರೆ ನಾಮಫಲಕವನ್ನು ತಲೆಯೆತ್ತಿ ನೋಡುವವರು ಎಷ್ಟು ಜನ? ಹಾಡನ್ನು ಲಕ್ಷ ಜನ ಕೂರುವ ಕ್ರೀಡಾಂಗಣ ಒಟ್ಟಾಗಿ ಹಾಡುತ್ತದೆ. ಮದುವೆಗಳಲ್ಲೂ ಅಂತ್ಯಸಂಸ್ಕಾರಗಳಲ್ಲೂ ಹಾಡುವವರಿದ್ದಾರೆ. 1905ರಲ್ಲಿ ಪ್ರಾಥರ್ ತೀರಿಕೊಂಡಾಗ ಅವರ ಅಂತ್ಯಸಂಸ್ಕಾರದಲ್ಲೇ ಅದನ್ನು ಹಾಡಿದ್ದರು.

2020ರ ಅಕ್ಟೋಬರ್ 10ರಂದು ಒಕ್ಲಹೋಮ ವಿರುದ್ಧ ನಾಲ್ಕು ಹೆಚ್ಚುವರಿ ಅವಧಿಗಳವರೆಗೆ ಎಳೆದ ಪಂದ್ಯವನ್ನು ಟೆಕ್ಸಸ್ ಸೋತಿತು. ಹಾಡು ಮೊಳಗುವಾಗ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ, ಸ್ಯಾಮ್ ಎಲಿಂಗರ್ ಮೈದಾನದಲ್ಲಿ ಒಬ್ಬರೇ ಕೈ ಎತ್ತಿ ನಿಂತಂತೆ ಕಾಣುವ ಫೋಟೊ ಎಲ್ಲೆಡೆ ಹರಿದಾಡಿತು. ತಂಡದವರೆಲ್ಲ ಒಳಗೆ ಹೋದರೇ ಎಂದು ಹಳೆಯ ವಿದ್ಯಾರ್ಥಿಗಳು ಕೆಂಡವಾದರು. ಈ ಕೋಪ ಎಷ್ಟಿತ್ತೆಂಬುದು 2021ರ ಮಾರ್ಚ್ 1ರಂದು ಟೆಕ್ಸಸ್ ಟ್ರಿಬ್ಯೂನ್ ಪತ್ರಿಕೆ ಅಧ್ಯಕ್ಷರ ಕಚೇರಿಗೆ ಬಂದ ಇಮೇಲ್‌ಗಳನ್ನು ಬಯಲು ಮಾಡಿದಾಗ ತಿಳಿಯಿತು. ಹಾಡಿನ ಬಗ್ಗೆ ಬರೆದ ಸುಮಾರು 300 ಮಂದಿಯಲ್ಲಿ ಶೇ 70ಕ್ಕೂ ಹೆಚ್ಚು ಜನ ಅದು ಉಳಿಯಲೇಬೇಕು ಎಂದಿದ್ದರು. ಸುಮಾರು 75 ಮಂದಿ ಇಲ್ಲದಿದ್ದರೆ ದೇಣಿಗೆ ನಿಲ್ಲಿಸುತ್ತೇವೆ ಎಂದು ನೇರವಾಗಿಯೇ ಬರೆದಿದ್ದರು.

ಮಾರ್ಚ್ 9ಕ್ಕೆ ಚರಿತ್ರೆ ಶೋಧಿಸಲು ನೇಮಿಸಿದ್ದ ಸಮಿತಿಯ ವರದಿ ಬಂತು. ಹಾಡಿನ ಉದ್ದೇಶದಲ್ಲಿ ಜನಾಂಗದ್ವೇಷ ಇರಲಿಲ್ಲ; ಆದರೆ ಅದು ಮೊದಲು ಕೇಳಿಸಿದ ಸನ್ನಿವೇಶ ಜನಾಂಗದ್ವೇಷದ್ದೇ. ಟೆಕ್ಸಸ್‌ನ ಕಣ್ಣು ಎಂಬ ಮಾತನ್ನು ಪ್ರಾಥರ್, ಗುಲಾಮಗಿರಿ ಉಳಿಸಲು ಅಂತರ್ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಲೀಯಿಂದ ಕಲಿತರು ಎಂಬ ಬಹುಕಾಲದ ನಂಬಿಕೆಗೆ ಗಟ್ಟಿ ಆಧಾರವಿಲ್ಲ ಎಂದೂ ವರದಿ ಹೇಳಿತು. ವರದಿ ಶ್ರದ್ಧೆಯಿಂದ ಮಾಡಿದ ಕೆಲಸ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಡು ಉಳಿಯುವುದೆಂದು ಮೊದಲೇ ಸಾರಿ, ಆಮೇಲೆ ಚರಿತ್ರೆ ಹುಡುಕಲು ಕಳಿಸಿದರೆ ಆ ಹುಡುಕಾಟದಿಂದ ತೀರ್ಮಾನವಾಗಲು ಏನು ಉಳಿದಿರುತ್ತದೆ?

ನಡುವೆ ಕೋಚ್ ಟಾಮ್ ಹರ್ಮನ್ ಕೆಲಸ ಕಳೆದುಕೊಂಡರು. ಹೊಸ ಕೋಚ್ ಸ್ಟೀವ್ ಸಾರ್ಕಿಸಿಯನ್ ತಮ್ಮ ಮೊದಲ ಪತ್ರಿಕಾಗೋಷ್ಠಿಯಲ್ಲೇ, ಈ ಹಾಡು ನಮ್ಮದು, ಹೆಮ್ಮೆಯಿಂದ ಹಾಡುತ್ತೇವೆ ಎಂದರು. ಆದರೂ ಹಾಡಲೇಬೇಕೆಂಬ ಒತ್ತಾಯ ಯಾರ ಮೇಲೂ ಇಲ್ಲ ಎಂಬುದು ವಿಶ್ವವಿದ್ಯಾಲಯದ ಅಧಿಕೃತ ಮಾತು. ಆಟಗಾರ ಬಾಯಿ ಮುಚ್ಚಿ ನಿಲ್ಲಬಹುದು, ಪ್ರೇಕ್ಷಕ ಎದ್ದು ಮನೆಗೆ ಹೋಗಬಹುದು.

ಬ್ಯಾಂಡಿನವನು? 2021ರ ಏಪ್ರಿಲ್‌ನಲ್ಲಿ ಅದಕ್ಕೂ ಉತ್ತರ ಬಂತು: ಲಾಂಗ್‌ಹಾರ್ನ್ ಬ್ಯಾಂಡಿನಲ್ಲಿ ಇರುವವರು ಹಾಡನ್ನು ನುಡಿಸಬೇಕು. ಇಷ್ಟವಿಲ್ಲದವರಿಗಾಗಿ 2022ರಿಂದ ಬೇರೊಂದು ಬ್ಯಾಂಡ್ ಮಾಡುತ್ತೇವೆ, ಅಲ್ಲಿ ಈ ಹಾಡಿನ ಗೊಡವೆ ಇರುವುದಿಲ್ಲ. ಕಪ್ಪು ಜನರ ಹಕ್ಕುಗಳ ಹಳೆಯ ಸಂಸ್ಥೆ ಎನ್‌ಎಎಸಿಪಿಯ ಟೆಕ್ಸಸ್ ಶಾಖೆ ಇದನ್ನು ಕೇಳಿ ಸಿಡಿದೆದ್ದಿತು. ಬೇರೆ ಬೇರೆ ಇಟ್ಟರೂ ಸಮಾನ ಎಂಬ ಹಳೆಯ ವಾದ ಅವರಿಗೆ ಚೆನ್ನಾಗಿ ಗೊತ್ತು. ಹೆಮನ್ ಸ್ವೆಟ್‌ಗಾಗಿ ಇದೇ ರಾಜ್ಯ ಅವಸರದಲ್ಲಿ ಪ್ರತ್ಯೇಕ ಕಾನೂನು ಶಾಲೆಯೊಂದನ್ನು ತೆರೆದಿತ್ತು. ಸೆಪ್ಟೆಂಬರ್‌ನಲ್ಲಿ ಸಂಸ್ಥೆ ವಿದ್ಯಾರ್ಥಿಗಳ ಜೊತೆ ಸೇರಿ ಕೇಂದ್ರ ಶಿಕ್ಷಣ ಇಲಾಖೆಗೆ ದೂರು ಕೊಟ್ಟಿತು.

ಈ ಆದೇಶದ ಬಿಸಿ ತಿಳಿಯಬೇಕಾದರೆ ಬ್ಯಾಂಡಿನವರ ಶನಿವಾರವನ್ನು ನೋಡಬೇಕು. ಇವರಲ್ಲಿ ಹೆಚ್ಚಿನವರು ಸಂಗೀತ ಓದುವವರಲ್ಲ. ಎಂಜಿನಿಯರಿಂಗ್, ಜೀವಶಾಸ್ತ್ರ, ವಾಣಿಜ್ಯ ಓದುತ್ತಾ ವಾರವಿಡೀ ಬಿಡುವು ಮಾಡಿಕೊಂಡು ಅಭ್ಯಾಸಕ್ಕೆ ಬರುತ್ತಾರೆ. ಪಂದ್ಯಕ್ಕೆ ಗಂಟೆಗಟ್ಟಲೆ ಮೊದಲೇ ಬಂದು, ಟೆಕ್ಸಸ್‌ನ ಬಿಸಿಲಲ್ಲಿ ಉದ್ದ ತೋಳಿನ ಸಮವಸ್ತ್ರ ತೊಟ್ಟು ಮೈದಾನ ಪ್ರವೇಶಿಸಬೇಕು. ಹಾಫ್‌ಟೈಮಿನಲ್ಲಿ ಹೆಜ್ಜೆ ಎಣಿಸುತ್ತಾ ಚಿತ್ರ ಕಟ್ಟಬೇಕು. ಆಟದ ನಡುವೆ ತಂಡ ಅಂಕ ಗಳಿಸಿದ ಕ್ಷಣಕ್ಕೆ ಸರಿಯಾಗಿ ಹಾಡು ಎತ್ತಬೇಕು, ಚೆಂಡು ಆಟಕ್ಕೆ ಬರುವಷ್ಟರಲ್ಲಿ ನಿಲ್ಲಿಸಬೇಕು. ಆಡಳಿತದ ಲೆಕ್ಕದಲ್ಲಿ ಬ್ಯಾಂಡ್ ಬಟ್ಲರ್ ಸಂಗೀತ ಶಾಲೆಗೆ ಸೇರಿದ ಪಠ್ಯ, ಅದಕ್ಕೆ ಕ್ರೆಡಿಟ್ ಉಂಟು. ಶನಿವಾರದ ಲೆಕ್ಕದಲ್ಲಿ ಅದು ಕ್ರೀಡಾ ವಿಭಾಗದ ಹಬ್ಬದ ಒಂದು ಭಾಗ. ಪಠ್ಯವೆಂದು ನೋಡಿದರೆ ವಿದ್ಯಾರ್ಥಿಯ ಮನಸ್ಸಾಕ್ಷಿಯನ್ನು ಕೇಳಬೇಕು. ಹಬ್ಬವೆಂದು ನೋಡಿದರೆ ವಂತಿಗೆ ಕೊಟ್ಟವರನ್ನು ಕೇಳಬೇಕು. 2020ರ ಅಕ್ಟೋಬರ್‌ನಲ್ಲಿ ನಿರ್ದೇಶಕರು ಮೊದಲನೆಯದನ್ನು ಮಾಡಿದರು, ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಎರಡನೆಯದನ್ನು ಮಾಡಿತು.

ಇನ್ನೊಂದು ತೊಡಕು ವಾದ್ಯದ್ದೇ. ಹಾಡುವ ಗುಂಪಿನಲ್ಲಿ ನಾಲ್ಕು ಜನ ಸುಮ್ಮನಿದ್ದರೆ ಗೊತ್ತಾಗುವುದಿಲ್ಲ. ಮಂದ್ರ ಸ್ವರದ ದೊಡ್ಡ ಕಹಳೆ ಟ್ಯೂಬಾ ಊದುವವರು ಸುಮ್ಮನಾದರೆ ಹಾಡಿಗೆ ತಳವೇ ಇರುವುದಿಲ್ಲ. ಆಟಗಾರನ ಮೌನ ಅವನೊಬ್ಬನದು. ಬ್ಯಾಂಡಿನಲ್ಲಿ ಒಂದು ವಿಭಾಗ ಮೌನವಾದರೆ ಎಲ್ಲರ ಹಾಡೂ ಕೆಡುತ್ತದೆ. ಆಟಗಾರರಿಗೆ ಸಿಕ್ಕ ವಿನಾಯಿತಿ ಬ್ಯಾಂಡಿಗೆ ಸಿಗದಿರಲು ಇದೂ ಕಾರಣವಿರಬಹುದು. ಆದರೆ ದೊಡ್ಡ ಕಾರಣ ಬೇರೆ ಎಂದು ನನ್ನ ಎಣಿಕೆ. ಪಂದ್ಯ ಗೆಲ್ಲಿಸುವ ಆಟಗಾರನನ್ನು ಒತ್ತಾಯಿಸಿದರೆ ಅವನು ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗಿಬಿಡುತ್ತಾನೆ, ಅವನಿಗಾಗಿ ಕಾದು ಕುಳಿತವರು ಬಹಳ. ಕ್ಲಾರಿನೆಟ್ ನುಡಿಸುವ ಜೀವಶಾಸ್ತ್ರದ ಹುಡುಗಿಗೆ ಹಾಗೆ ಕಾದು ಕುಳಿತವರು ಯಾರೂ ಇಲ್ಲ.

2021ರ ಋತುವಿನಲ್ಲಿ ಪ್ರೇಕ್ಷಕರು ತುಂಬು ಸಂಖ್ಯೆಯಲ್ಲಿ ಮರಳಿದರು, ಬ್ಯಾಂಡೂ ಮರಳಿತು, ಹಾಡೂ ಮರಳಿತು. ತಂಡ ಐದು ಪಂದ್ಯ ಗೆದ್ದು ಏಳು ಸೋತಿತು. ತವರಿನಲ್ಲೇ ಕ್ಯಾನ್ಸಸ್ ಎದುರು 57–56ರಲ್ಲಿ ಸೋತದ್ದನ್ನು ಅಲ್ಲಿನ ಅಭಿಮಾನಿಗಳು ಇನ್ನೂ ಮರೆತಿಲ್ಲ. ಮರುವರ್ಷ ಹಳೆಯ ಬಿಗ್ ಬರ್ತಾಗೆ ನಿವೃತ್ತಿ ಕೊಟ್ಟು ಹೊಸ ನಗಾರಿ ತಂದರು.