ಟೆನ್ಶನ್ ಆದ್ರೆ ಹೊಟ್ಟೆ ಕೆಡುತ್ತೆ ಸರಿ, ಕ್ಯಾನ್ಸರೂ ಬರುತ್ತಾ?

ಗೋಣಿಕೊಪ್ಪ ಕಡೆ ಎಸ್ಟೇಟಲ್ಲಿ ರೈಟರ್ (ಲೆಕ್ಕ ಬರೆಯೋರು) ಆಗಿರೋ ಒಬ್ರು ಕೇಳಿದಾರೆ: "ಕಾಫಿ ಕುಯ್ಲು ಶುರುವಾದ್ರೆ ಸಾಕು, ಸಂಜೆ ತೂಕ ಹಾಕೋ ಹೊತ್ತಿಗೆ ನಂಗೆ ಹೊಟ್ಟೆ ಕಲಕುತ್ತೆ. ಕರುಳಲ್ಲೂ ನರ ಇದಾವಂತೆ, ಅದ್ರಿಂದ್ಲೇ ಕ್ಯಾನ್ಸರ್ ಆಗುತ್ತೆ ಅಂತಾರೆ, ನಿಜಾನಾ ಸರ್?"

ನರ ಇರೋದು ನಿಜ. ಕೈಮೇಲೆ ನೀಲಿಯಾಗಿ ಕಾಣೋ ರಕ್ತನಾಳಕ್ಕೂ ನಾವು ನರ ಅಂತೀವಲ್ಲ, ಅದಲ್ಲ, ಸುದ್ದಿ ಸಾಗಿಸೋ ನರಕೋಶ, ಕರುಳಿನ ಗೋಡೆಯೊಳಗೇ 10 ಕೋಟಿಗೂ ಮೇಲಿದಾವೆ. ತಿಂದಿದ್ದನ್ನ ಮುಂದಕ್ಕೆ ತಳ್ಳಿಸೋದು ಇವೇ. ಕೆಲವು ಮಕ್ಕಳಿಗೆ ಹುಟ್ಟುವಾಗ್ಲೇ ದೊಡ್ಡ ಕರುಳಿನ ಕೊನೇಲಿ ಇವು ಇರಲ್ಲ, ಮಲ ಕಟ್ಕೊಂಡು ಹೊಟ್ಟೆ ಉಬ್ಬಿ ಆಪರೇಶನ್ನೇ ಮಾಡ್ಬೇಕಾಗುತ್ತೆ.

ಇನ್ನು ಕರುಳಿನ ಒಳಪದರ 4-5 ದಿನಕ್ಕೆ ಹೊಸದಾಗ್ತಾ ಇರುತ್ತೆ (ಹೋದ ಭಾನುವಾರದ ಪಂದಿ ಕರಿ ಕಂಡ ಪದರ ಈ ಭಾನುವಾರಕ್ಕೆ ಇರಲ್ಲ). ಹೊಸ ಕೋಶ ಹುಟ್ಟಿಸೋವು ಅಲ್ಲಿನ ಸಣ್ಣ ಗುಂಡಿಗಳ ತಳದಲ್ಲಿ ಕೂತಿರೋ ಸ್ಟೆಮ್ ಸೆಲ್‌ಗಳು, 2007ರಲ್ಲಿ ನೆದರ್ಲೆಂಡ್ಸ್‌ನ ಹ್ಯಾನ್ಸ್ ಕ್ಲೆವರ್ಸ್ ಲ್ಯಾಬಿನವರು ಇವನ್ನ ಗುರುತು ಹಿಡಿದ್ರು. ಎಷ್ಟು ಬೆಳೀಬೇಕು ಅಂತ ಇವಕ್ಕೆ ಬರೋ ಸಿಗ್ನಲ್ ತುಂಬಾ ಇದಾವೆ, ಅದ್ರಲ್ಲಿ ನರ ಬಿಡೋ ಅಸಿಟೈಲ್‌ಕೋಲಿನ್ನೂ ಒಂದು. ನಿಮ್ ತೋಟದ ನೆರಳು ಮರದ ಥರ ಅನ್ಕೊಳಿ, ಮರದಲ್ಲಿ ಕಾಫಿ ಬಿಡಲ್ಲ, ಆದ್ರೆ ಕೆಳಗಿನ ಗಿಡ ಹೇಗೆ ಚಿಗುರುತ್ತೆ ಅನ್ನೋದ್ರಲ್ಲಿ ಅದ್ರ ಕೈವಾಡ ಇದ್ದೇ ಇದೆ.

ಕ್ಯಾನ್ಸರ್ ಶುರುವಾಗೋದು ಕೋಶದ ಜೀನ್ ಕೆಟ್ಟಾಗ, ದೊಡ್ಡ ಕರುಳಲ್ಲಿ ಹೆಚ್ಚಾಗಿ ಎಪಿಸಿ ಅನ್ನೋ ಜೀನು. ಮೊದ್ಲು ಪಾಲಿಪ್ ಅನ್ನೋ ಸಣ್ಣ ಗಂಟು, ಅದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ವರ್ಷಗಟ್ಲೆ ಬೇಕು. ನರ ಅದಕ್ಕೆ ಗೊಬ್ಬರ ಹಾಕ್ಬೋದು: 2014ರಲ್ಲಿ ಇಲಿಗಳ ಜಠರಕ್ಕೆ ಹೋಗೋ ವೇಗಸ್ ನರ ಕತ್ತರಿಸಿದಾಗ, ಇಲ್ಲಾ ನರದ ಸಿಗ್ನಲ್ ತಡೆಯೋ ಬೊಟಾಕ್ಸ್ ಕೊಟ್ಟಾಗ, ಅಲ್ಲಿನ ಗಡ್ಡೆ ಬೆಳೆಯೋದು ಕಮ್ಮಿಯಾಯ್ತು. ಆದ್ರೆ ಅದು ಜಠರ, ಅದೂ ಇಲೀದು, ಮನುಷ್ಯರ ಕರುಳಿಗೆ ಹಾಗೇ ಅಂಟಿಸೋಕಾಗಲ್ಲ. ಕ್ಯಾನ್ಸರ್ ಕೋಶ ನರದ ಗುಂಟ ಹರಡೋದೂ ಉಂಟು, ಆಪರೇಶನ್ ಆದ್ಮೇಲಿನ ಬಯಾಪ್ಸಿ ರಿಪೋರ್ಟಲ್ಲಿ "ಪೆರಿನ್ಯೂರಲ್ ಇನ್ವೇಶನ್" ಅಂತ ಬರೆಯೋದು ಅದಕ್ಕೇ.

ಹಾಗಾಗಿ ಕುಯ್ಲಿನ ಟೆನ್ಶನ್‌ಗೆ ಲೂಸ್ ಮೋಶನ್ ಆಗ್ಬೋದು, ಅದೇ ಕ್ಯಾನ್ಸರ್ ತಂದಿಡುತ್ತೆ ಅಂತ ಹೆದರ್ಬೇಡಿ. ಕುಯ್ಲು ಮುಗಿದ್ಮೇಲೂ ಹೀಗೇ ಇದ್ರೆ, ಮಲದಲ್ಲಿ ರಕ್ತ ಕಂಡ್ರೆ, ಸುಮ್ಸುಮ್ನೆ ತೂಕ ಇಳಿದ್ರೆ ಮಾತ್ರ ಮೂಲವ್ಯಾಧಿ ಇರ್ಬೇಕು ಅಂತ ನೀವೇ ತೀರ್ಮಾನ ಮಾಡ್ಕೊಂಡು ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋದು) ಬೇಕಾ ಅಂತ ಕೇಳಿ. ಪಾಲಿಪ್ ಸಿಕ್ರೆ ಹೆಚ್ಚಾಗಿ ಅಲ್ಲೇ ತೆಗ್ದೂ ಬಿಡ್ತಾರೆ.